ಕಾರ್ಡಿನ ಮೂರನೇ ಹಂತ

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಡೈರಿಗೆ ಮಾತ್ರ ಗೊತ್ತಿರುವ ಗುಟ್ಟಿನಿಂದಲೇ ಆಗಲಿ: ಫೋನು ರಿಂಗಾದರೆ ನನ್ನ ಅಂಗೈ ಬೆವರುತ್ತದೆ. ನನ್ನ ಕೆಲಸವೋ, ಆಟಿಸಂ ಇರುವ ದೊಡ್ಡವರಿಗೆ ಫೋನು ಮಾಡುವುದನ್ನು ಕಲಿಸುವುದು. (ನಗಬೇಡಿ. ಡಿಗ್ರಿಯಲ್ಲಿ ಫಸ್ಟ್ ಕ್ಲಾಸ್ ಬಂದಿದೆ.)

೧. ಮೊದಲ ಡ್ರಾಫ್ಟ್: ನನ್ನ ವಿದ್ಯಾರ್ಥಿ ಇಸ್ತ್ರಿ ಸಾಹೇಬರು ಟಕ್ಕನೆ ಫೋನು ಮಾಡಿ ಲಾಂಡ್ರಿಯ ಕೆಲಸ ಒಪ್ಪಿಕೊಂಡರು. ನಾನು ಕಣ್ಣೊರೆಸಿಕೊಂಡೆ.

ಶುದ್ಧ ಸುಳ್ಳು. ಹರಿದು ಹಾಕಿದೆ.

೨. (ಪರಿಚಯ ಬಿಟ್ಟೇ ಹೋಯಿತು.) ಸಾಹೇಬರಿಗೆ ಮೂವತ್ತೆರಡು. ಅವರು ಇಸ್ತ್ರಿ ಮಾಡಿದ ಅಂಗಿಯ ಮುಂದೆ ಹೊಸ ಅಂಗಿಯೂ ನಾಚಬೇಕು. 'ಇಸ್ತ್ರಿ ಸಾಹೇಬ' ಎಂಬ ಹೆಸರು ಅವರೇ ಇಟ್ಟುಕೊಂಡದ್ದು. ಪರೀಕ್ಷೆಗೆಂದು ಕೊಟ್ಟ ಅಂಗಿಗಳನ್ನು ನೋಡಿ ಲಾಂಡ್ರಿಯ ಯಜಮಾನರು ಒಪ್ಪಿದ್ದಾರೆ. ಷರತ್ತು ಒಂದೇ. ಇವತ್ತು ಹನ್ನೊಂದರೊಳಗೆ ಸಾಹೇಬರೇ ಫೋನು ಮಾಡಿ 'ಬರ್ತೀನಿ' ಅನ್ನಬೇಕು. ಇಲ್ಲದಿದ್ದರೆ ಕೆಲಸ ಬೇರೆಯವರಿಗೆ.

ಈಗ ಹತ್ತು ಐವತ್ತು.

೩. ನಮ್ಮ ತರಬೇತಿ ಕೇಂದ್ರದಲ್ಲಿ ಪ್ರತಿ ಕೆಲಸವನ್ನೂ ಸಣ್ಣ ಸಣ್ಣ ಹಂತಗಳಾಗಿ ಒಡೆದು ಕಾರ್ಡಿನಲ್ಲಿ ಬರೆದುಕೊಡುತ್ತೇವೆ. ನಾನು ಬರೆದದ್ದು: ಮೊದಲು, ಫೋನು ಕೈಗೆತ್ತಿಕೊಳ್ಳಿ. ಎರಡನೆಯದು, ನಂಬರು ನೋಡಿಕೊಳ್ಳಿ. ಮೂರನೆಯದು, ಹೆದರದೆ ಒತ್ತಿ.

ಸಾಹೇಬರು ಎರಡರ ತನಕ ಬಂದು ನಿಂತುಬಿಟ್ಟರು.

"ಮೇಡಂ, ಹೆದರದೆ ಅಂತ ಬರ್ದಿದ್ದೀರ. ಅದನ್ನ ಹೇಗೆ ಮಾಡೋದು?"

"ಅದೇ... ಧೈರ್ಯವಾಗಿ."

"ಧೈರ್ಯದ ಕಾರ್ಡ್ ಎಲ್ಲಿ?"

ಮೂಲೆಯಲ್ಲಿ ಕೂತಿದ್ದ ಅವರಮ್ಮ ಎದ್ದೇಬಿಟ್ಟರು. "ಕೊಡೋ ಇಲ್ಲಿ, ನಾನೇ ಮಾಡಿ ಬಿಸಾಕ್ತೀನಿ."

"ಕೂತ್ಕೋ ಅಮ್ಮಾ. ಕೆಲಸ ನಿನಗಾ, ನನಗಾ?"

೪. ಎರಡನೇ ಡ್ರಾಫ್ಟಿನಲ್ಲಿ ಇಲ್ಲಿ ನನ್ನದೊಂದು ಸೊಗಸಾದ ಭಾಷಣವಿತ್ತು. ಸಾಹೇಬರು ಪುಟದೊಳಗಿಂದಲೇ ತಲೆಯೆತ್ತಿದರು. "ಇದನ್ನೆಲ್ಲ ನೀವು ಹೇಳ್ಲೇ ಇಲ್ಲ ಮೇಡಂ. ಸುಮ್ನೆ ಉಗುರು ಕಚ್ತಾ ಇದ್ರಿ."

ಅದೂ ಹೋಯಿತು.

೫. ಮುಕ್ತಾಯ ಬೇಕೇ? ಯಜಮಾನರು ಫೋನೆತ್ತಿ 'ನಾಳೆಯೇ ಬನ್ನಿ' ಅನ್ನುತ್ತಾರೆ. ಅಥವಾ ಲೈನು ಬಿಜಿ. ಅಥವಾ ಹನ್ನೊಂದು ಹೊಡೆದುಬಿಡುತ್ತದೆ. ಬೇಕಾದದ್ದನ್ನು ಆರಿಸಿಕೊಳ್ಳಿ, ನಾನಂತೂ ಹತ್ತು ಐವತ್ತಾರು ಬಿಟ್ಟು ಕದಲುವುದಿಲ್ಲ. ಇಲ್ಲಿ ನನಗೊಂದು ಕೆಲಸ ಬಾಕಿಯಿದೆ.

ಪೆನ್ನು ತೆಗೆದು ಕಾರ್ಡಿನಲ್ಲಿದ್ದ 'ಹೆದರದೆ' ಎಂಬುದನ್ನು ಹೊಡೆದು ಹಾಕಿದೆ. 'ಒತ್ತಿ' ಅಷ್ಟೇ ಉಳಿಯಿತು.

ಸಾಹೇಬರು ದಿಟ್ಟಿಸಿ ನೋಡಿದರು. "ಹಾಗಾದ್ರೆ ಹೆದರಿಕೆ ಎಲ್ಲಿ ಹೋಗುತ್ತೆ?"

ಡೈರಿಗಲ್ಲ, ಬಾಯಿಬಿಟ್ಟು ಅವರಿಗೇ ಹೇಳಿದೆ:

"ಎಲ್ಲೂ ಹೋಗಲ್ಲ. ನನಗೂ ಫೋನ್ ಅಂದ್ರೆ ಭಯ. ಅಂಗೈ ಬೆವರುತ್ತೆ. ಬೆವರೋ ಕೈಯಲ್ಲೇ ಒತ್ತೋದು."