ಬಾರದವರ ಪಾಲು

ನಾಹಿದಾಳ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೊರಟರೆ ನನ್ನ ನಾಲಿಗೆ ನನ್ನ ಪರವಾಗಿಯೇ ವಾದ ಹೂಡುತ್ತದೆ. ಅದರ ಗುಣ ನನಗೆ ಗೊತ್ತಿದೆ.

ನಾನು ಸುಕನ್ಯಾ. ಸಿಂಧನೂರಿನಿಂದ ದಿನಾ ಬಸ್ಸು ಹಿಡಿದು ಗೊರೇಬಾಳದ ಆಚೆಗಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಆ ತಿಂಗಳು ಲಿಂಗಸುಗೂರಿನಲ್ಲಿ ಗಣಿತ ಸ್ಪರ್ಧೆಯಿತ್ತು. ಶಾಲೆಗೆ ಒಬ್ಬರು ಮಾತ್ರ, ಗೆದ್ದವರಿಗೆ ವಸತಿ ಶಾಲೆಯಲ್ಲಿ ಸೀಟು. ಎಂಟನೇ ತರಗತಿಯ ನಾಹಿದಾ ಜೂನ್‌ನಿಂದಲೂ ಊಟದ ಬಿಡುವಿನಲ್ಲಿ ನನ್ನ ಮುಂದೆ ಕೂತು ಅದಕ್ಕೆ ತಯಾರಾಗಿದ್ದಳು. ಬೇರೆ ಹೆಸರನ್ನು ನಾನು ಯೋಚಿಸಿಯೂ ಇರಲಿಲ್ಲ.

ಶಾಲೆಯ ತನಿಖೆಗೆ ಶಿಕ್ಷಣ ಇಲಾಖೆಯ ಸಾಹೇಬರು ಬಂದ ದಿನ ಮಾತಿನ ಲೆಕ್ಕಗಳನ್ನು ಬೀಜೋಕ್ತಿಗಳಾಗಿ ಬರೆಯುವ ಪಾಠ ನಡೆದಿತ್ತು. ಅವರು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಸುಮ್ಮನೆ ಪುಸ್ತಕದ ಲೆಕ್ಕ ಕೊಟ್ಟಿದ್ದರೆ ಆಗುತ್ತಿತ್ತು. ಮೆಚ್ಚುಗೆಯ ಆಸೆಗೆ ಬಿದ್ದು, ಮಕ್ಕಳ ಬದುಕಿನಿಂದಲೇ ಒಂದು ಲೆಕ್ಕ ಎತ್ತಿಕೊಂಡೆ.

“ಒಂದು ನಾಟಿ ಗುಂಪಿನಲ್ಲಿ x ಹೆಂಗಸರು. ಅವರಲ್ಲಿ ಇಬ್ಬರು ಕೆಲಸಕ್ಕೆ ಬರಲಿಲ್ಲ. ನಾಟಿ ಮುಗಿದ ದಿನ ಗದ್ದೆಯವರು ಅರವತ್ತು ಕೆಜಿ ಅಕ್ಕಿ ಕೊಟ್ಟರು. ಸಮನಾಗಿ ಹಂಚಿಕೊಂಡರೆ ಒಬ್ಬೊಬ್ಬರಿಗೆ ಎಷ್ಟು?”

‘ಬರಲಿಲ್ಲ’ ಅಂತ ಕಂಡರೆ ಕಣ್ಣು ಮುಚ್ಚಿ ಕಳೆಯಿರಿ ಎಂದು ಹಿಂದಿನ ವಾರವೇ ಕಲಿಸಿದ್ದೆ. ಎಲ್ಲರೂ ಅರವತ್ತನ್ನು x – 2ರಿಂದ ಭಾಗಿಸಿದರು. ಬೋರ್ಡಿಗೆ ನಾಹಿದಾಳನ್ನೇ ಕರೆದೆ, ಸಾಹೇಬರಿಗೆ ತೋರಿಸೋಣವೆಂದು. ಅವಳು 60/x ಎಂದು ಬರೆದು ಸೀಮೆಸುಣ್ಣ ಕೆಳಗಿಟ್ಟಳು.

ಸಾಹೇಬರು ಹುಬ್ಬೇರಿಸಿದರು. ನನ್ನ ಮೈ ಉರಿದುಹೋಯಿತು.

“ಇಬ್ಬರು ಬಂದಿಲ್ಲ ಅಂತ ಹೇಳಿಲ್ವಾ? ಕಳೆಯೋದು ಎಲ್ಲಿ?”

“ಬಂದಿಲ್ಲಾಂದ್ರೂ ಅವರ ಪಾಲು ಇರ್ತೈತ್ರೀ ಮಿಸ್,” ಅಂದಳು. “ನಮ್ಮ ದಾದಿ ಗುಂಪಿನಾಗ ಹಂಗ ಹಂಚ್ತಾರ್ರೀ.” ಅವಳು ಅಜ್ಜಿಯನ್ನು ದಾದಿ ಎನ್ನುತ್ತಾಳೆ.

“ಕೆಲಸಕ್ಕೆ ಬಾರದವರಿಗೆ ಅಕ್ಕಿ ಕೊಡೋಕೆ ಅದೇನು ಧರ್ಮಛತ್ರಾನಾ? ಅಥವಾ ನಿಮ್ಮ ದಾದಿಗೆ ಲೆಕ್ಕ ಬರೋದಿಲ್ವಾ?”

ತರಗತಿ ಗೊಳ್ಳೆಂದಿತು. ಸಾಹೇಬರೂ ನಕ್ಕರು. ನಾನೂ ನಕ್ಕೆ. ನಾಹಿದಾ ತಾನು ಬರೆದದ್ದನ್ನು ಅಳಿಸಲಿಲ್ಲ, ಹೋಗಿ ಕೂತಳು. “ಇವಳೇ ಏನ್ರೀ ಸ್ಪರ್ಧೆಗೆ?” ಎಂದು ಸಾಹೇಬರು ಕೇಳಿದಾಗ, “ಅಲ್ಲ ಸರ್, ದೀಪಿಕಾ” ಎಂದು ಅದೇ ತರಗತಿಯ ಇನ್ನೊಬ್ಬಳ ಹೆಸರು ಹೇಳಿಬಿಟ್ಟೆ. ಅವರ ಎದುರೇ ಪಟ್ಟಿಯಲ್ಲಿ ಹೆಸರು ತಿದ್ದಿದೆ.

ಅವಳು ಹೇಳಿದ ರೂಢಿ ನನಗೆ ಗೊತ್ತಿರಲಿಲ್ಲವೇ? ಅವಳ ದಾದಿ ಪೀರ್‌ಬೀಯ ಗುಂಪಿನಲ್ಲಿ ನಮ್ಮವ್ವ ಗದ್ದೆಮ್ಮ ಹದಿನೆಂಟು ವರ್ಷ ನಾಟಿ ಹಚ್ಚಿದ್ದಾಳೆ. ಬಾಣಂತಿ, ಬೇನೆ ಬಿದ್ದವಳು, ಮನೆಯಲ್ಲಿ ಸಾವಾದವಳು, ಇವರ ಪಾಲನ್ನು ಆ ಗುಂಪು ಎಂದೂ ಕಳೆದದ್ದಿಲ್ಲ. ಅವ್ವ ಕೂಲಿ ಮಾಡಿದ್ದು ಮಾತ್ರ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ‘ಮನೆಯವರು ಏನು ಮಾಡ್ತಿದ್ರು’ ಎಂದು ಯಾರಾದರೂ ಕೇಳಿದರೆ ‘ಒಕ್ಕಲುತನ’ ಎಂದು ಹೇಳಿ ಮಾತು ತಿರುಗಿಸುತ್ತಾ ಬಂದವಳು ನಾನು.

ಸಂಜೆ ಮನೆಗೆ ಬಂದು ನಡೆದದ್ದನ್ನು ಅವ್ವನಿಗೆ ಹೇಳಿದೆ. ಅವಳೂ ನಕ್ಕರೆ ನನ್ನ ಭಾರ ಇಳಿಯುತ್ತದೆಂಬ ಆಸೆ. ಅವಳು ನಗಲಿಲ್ಲ.

“ನೀ ಹುಟ್ಟಿದಾಗ ನಾ ನಾಟಿಗಿ ಹೋಗಿದ್ದಿಲ್ಲ. ಪೀರ್‌ಬೀ ಅಕ್ಕಿ ಹೊತ್ಕೊಂಡು ಬಂದು ತೊಟ್ಟಿಲ ಬಾಜೂಕ ಇಟ್ಲು,” ಅಂದಳು. “ಆ ಹುಡುಗಿ ಬೋರ್ಡಿನ ಮ್ಯಾಲ ಬರೆದಿದ್ದು ತಪ್ಪೇನು?”

“ತಪ್ಪಲ್ಲ. ಬಂದವರಷ್ಟೇ ಹಂಚ್ಕೊಂಡ್ರು ಅಂತ ನಾ ಲೆಕ್ಕದಾಗ ಹೇಳಿದ್ದೇ ಇಲ್ಲ.”

“ಮತ್ಯಾಕ ನಕ್ಕಿ?”

ಏರಿದ ಏಣಿಯನ್ನು ಒದೆಯುವವರನ್ನು ಕಂಡರೆ ನಾನೇ ಉಗಿಯುತ್ತಿದ್ದೆ. ನಾಚಿಕೆಯಿಂದ ಅವ್ವನ ಮುಖ ನೋಡಲಾಗಲಿಲ್ಲ.

ಮರುದಿನ ಬಸ್ ಸ್ಟ್ಯಾಂಡಿನಿಂದಲೇ ಸಾಹೇಬರಿಗೆ ಫೋನು ಮಾಡಿದೆ. ಹುಡುಗಿಯ ಉತ್ತರ ಸರಿಯಿತ್ತು, ತಪ್ಪು ನನ್ನದು ಎಂದೆ. ಅಷ್ಟಕ್ಕೇ ನಿಲ್ಲದೆ, “ನಮ್ಮವ್ವನೂ ಅದೇ ಗುಂಪಿನಾಗ ಕೂಲಿ ಮಾಡ್ತಿದ್ಲು ಸರ್” ಎಂದೂ ಹೇಳಿದೆ.

“ಅದಕ್ಕೇನೀಗ? ನಮ್ಮವ್ವನೂ ಮಸ್ಕಿ ಕಡೆ ಹತ್ತಿ ಬಿಡಿಸಾಕ ಹೋಗ್ತಿದ್ಲು,” ಅಂದರು ಅವರು. “ಆದ್ರ ಪಟ್ಟಿ ನಿನ್ನೇನ ಲಿಂಗಸುಗೂರಿಗೆ ಹೋತ್ರೀ ಮೇಡಂ. ಈಗ ಬದಲಿ ಮಾಡಾಕ ಬರಂಗಿಲ್ಲ.”

ಅವ್ವನ ಕೂಲಿಯನ್ನು ಯಾರಿಂದ ಮುಚ್ಚಿಡಲು ಆ ಹುಡುಗಿಯನ್ನು ಬಲಿ ಕೊಟ್ಟೆನೋ, ಆ ಮನುಷ್ಯನಿಗೆ ಅದು ಲೆಕ್ಕಕ್ಕೇ ಇರಲಿಲ್ಲ.

ಶಾಲೆಯಲ್ಲಿ ನಾಹಿದಾಳನ್ನು ವರಾಂಡಕ್ಕೆ ಕರೆದೆ. “ನಿನ್ನ ಉತ್ತರ ಸರಿ ಇತ್ತವ್ವಾ. ನಾ ತಪ್ಪು ಮಾಡೀನಿ,” ಎಂದು ಮೆಲ್ಲಗೆ ಹೇಳಿದೆ. ಶಾಲೆಯಲ್ಲಿ ನಾನು ಮನೆಯ ಆಡುನುಡಿಯಲ್ಲಿ ಮಾತಾಡಿದ್ದು ಅದೇ ಮೊದಲು.

ಅವಳು ದುಪಟ್ಟಾದ ಅಂಚು ತಿರುವುತ್ತಾ ನಿಂತಳು. ಆಮೇಲೆ ಕೇಳಿದಳು: “ನಕ್ಕಿದ್ದು ಎಲ್ಲಾರ ಮುಂದ ಅಲ್ಲೇನ್ರೀ ಮಿಸ್?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಬುದ್ಧಿ ಹೇಳುವವಳು ನಾನೇ. ಒಳಗೆ ಹೋಗಿ ಬೋರ್ಡಿನ ಮೇಲೆ 60/x ಎಂದು ಬರೆದೆ.

“ಇದು ಸರಿ ಉತ್ತರ. ಯಾರು ಹಂಚಿಕೊಂಡರು ಅಂತ ಲೆಕ್ಕ ಹೇಳಿರಲಿಲ್ಲ. ನೀವು ಕಣ್ಣು ಮುಚ್ಚಿ ಕಳೆದಿರಿ, ನಾನೇ ಹಾಗೆ ಕಲಿಸಿದ್ದೆ. ನಾಹಿದಾ ಓದಿ, ಯೋಚಿಸಿ ಬರೆದಳು.” ಸೀಮೆಸುಣ್ಣ ಕೆಳಗಿಟ್ಟೆ. “ನಿನ್ನೆ ನಾನು ನಕ್ಕಿದ್ದು ತಪ್ಪು. ಆ ಗುಂಪಿನಲ್ಲಿ ಕೆಲಸಕ್ಕೆ ಹೋಗದೆ ಪಾಲು ತಗೊಂಡವಳು ನಮ್ಮವ್ವ. ಆಗ ನಾನು ಹುಟ್ಟಿದ್ದೆ. ಆ ಅಕ್ಕಿ ತಂದು ಕೊಟ್ಟವರು ನಾಹಿದಾಳ ದಾದಿ. ಅವರಿಗೆ ಲೆಕ್ಕ ಚೆನ್ನಾಗಿ ಬರುತ್ತದೆ.”

ಯಾರೂ ನಗಲಿಲ್ಲ. ದೀಪಿಕಾ ತಲೆ ತಗ್ಗಿಸಿಕೊಂಡಳು, ಆ ಮಗುವಿನದೇನು ತಪ್ಪು. ನಾಹಿದಾ ಎದ್ದು ನಿಂತಳು.

“ಹಂಗಾರ ಲಿಂಗಸುಗೂರಿಗೆ ನಾ ಹೋಗ್ತೀನೇನ್ರೀ?”

“ಇಲ್ಲವ್ವಾ. ಪಟ್ಟಿ ಹೋಗೇತಿ.”

ಅವಳು ಬೋರ್ಡನ್ನೊಮ್ಮೆ ನೋಡಿ ಕೂತಳು. ನೋಟ್‌ಬುಕ್ ತೆರೆದು ಪೆನ್ನಿನ ಮುಚ್ಚಳ ತೆಗೆದಳು.

“ಮುಂದಿನ ಲೆಕ್ಕ ಹೇಳ್ರೀ ಮಿಸ್,” ಅಂದಳು.