ಮೆಹಬೂಬಿಯ ವಿಚಾರ ತಪ್ಪಾಗಿರಲಿಲ್ಲ

ನಿನ್ನ ಕಥೆಯನ್ನು ಹೇಗೆ ಶುರುಮಾಡಲಿ ಎಂದು ಕೇಳಿದ್ದಕ್ಕೆ ಡಯಾನಾ, "ಕಾಡಿನಿಂದ ಮಾತ್ರ ಬ್ಯಾಡ್ರಿ" ಎಂದಳು.

ನಾನು ಕಾಡಿನಿಂದಲೇ ಶುರುಮಾಡಿಬಿಟ್ಟಿದ್ದೆ. ಮೊದಲ ಕರಡಿನಲ್ಲಿ ಮಂಜಿತ್ತು, ಕಾಳಿ ನದಿಯಿತ್ತು, ಎಲ್ಲೋ ದೂರದಲ್ಲಿ ಡಮಾಮಿಯ ಸದ್ದೂ ಇತ್ತು. ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದ ಸಿದ್ದಿಗಳ ಹುಡುಗಿಯ ಕಥೆ ಎಂದಮೇಲೆ ಡೋಲು ಬಾರಿಸದೆ ಹೇಗೆ ಎಂದು ಕೈ ತಾನಾಗಿ ಬರೆದುಕೊಂಡು ಹೋಗಿತ್ತು.

"ನಾ ಡಮಾಮಿ ಬಾರಿಸಿದ್ದು ಎಲ್ಲೆರ ನೋಡೀರೇನು?"

"ಇಲ್ಲ."

"ಕುಣದದ್ದು?"

"ಅದೂ ಇಲ್ಲ."

"ಮತ್ತ ನಾ ಮಾಡಿದ್ದನ್ನ ಬರೀರಿ. ಸೈಕಾಲಜಿ ಓದೀನಿ. ಸ್ಕೂಟಿ ಹೊಡೀತೀನಿ. ಸಿಟ್ಟ ಬಂದ್ರ ಭಾಳ ಬರ್ತೈತಿ. ಅಲ್ಲಿಂದ ಶುರು ಮಾಡ್ರಿ."

ಕರಡು ಹರಿದೆ. ಸಿಟ್ಟಿನಿಂದ ಶುರು.

೧

ಡಯಾನಾ ಹಳಿಯಾಳ ತಾಲೂಕಿನ ಹಳ್ಳಿಯೊಂದರ ಫಿಲಿಪ್ ಸಿದ್ದಿಯ ಮಗಳು. ಧಾರವಾಡದಲ್ಲಿ ಎಮ್ಮೆಸ್ಸಿ ಮುಗಿಸಿ ದಾಂಡೇಲಿಯ ಒಂದು ಸಮಾಲೋಚನಾ ಕೇಂದ್ರದಲ್ಲಿ ತರಬೇತಿಗೆ ಸೇರಿದ್ದಳು. ಕಲಿಸುವವರು ಅನ್ನಪೂರ್ಣಾ ಮೇಡಂ. ಕಲಿಯುತ್ತಿದ್ದುದು ಸಿಬಿಟಿ ಎಂಬ ಚಿಕಿತ್ಸೆ. ಅದರ ತಿರುಳು ಇಷ್ಟೇ: ನಮ್ಮನ್ನು ಕುಗ್ಗಿಸುವುದು ನಡೆದ ಘಟನೆಗಿಂತ ಹೆಚ್ಚಾಗಿ ಅದರ ಬಗ್ಗೆ ನಾವು ಮಾಡುವ ವಿಚಾರ, ಆ ವಿಚಾರ ಎಷ್ಟೋ ಸಲ ತಪ್ಪಿರುತ್ತದೆ, ತಪ್ಪನ್ನು ಹಿಡಿದರೆ ಮನಸ್ಸು ಹಗುರಾಗುತ್ತದೆ. ಹಿಡಿಯುವುದಕ್ಕೆ ಒಂದು ಪ್ರಶ್ನೆ ಇದೆ. "ಇದಕ್ಕ ಪುರಾವೆ ಏನೈತಿ?"

ಡಯಾನಾಳಿಗೆ ಆ ಪ್ರಶ್ನೆ ಬಹಳ ಹಿಡಿಸಿತ್ತು. ಮನೆಯಲ್ಲೂ ಕೇಳುತ್ತಿದ್ದಳು. ಅಪ್ಪ "ಈ ಸಲ ಭತ್ತ ಕೈ ಕೊಡ್ತೈತಿ" ಅಂದರೆ ಪುರಾವೆ ಕೇಳುತ್ತಿದ್ದಳು. ಅಪ್ಪ ಗದ್ದೆಯ ಕಡೆ ಕೈ ತೋರಿಸಿ ಊಟಕ್ಕೆ ಕೂರುತ್ತಿದ್ದ.

(ತಮಾಷೆ ಇಲ್ಲಿಗೆ ಸಾಕು ಎನ್ನುತ್ತಿದ್ದಾಳೆ.)

೨

ಮೆಹಬೂಬಿಯನ್ನು ಕೇಂದ್ರಕ್ಕೆ ಕರೆತಂದವಳು ಅವಳ ತಾಯಿ. ಮೆಹಬೂಬಿಯೂ ಸಿದ್ದಿ ಹುಡುಗಿಯೇ, ಮುಸಲ್ಮಾನರ ಮನೆಯವಳು. ಡಯಾನಾಳ ಮನೆಯಲ್ಲಿ ಕೊಂಕಣಿ, ಅವಳ ಮನೆಯಲ್ಲಿ ಉರ್ದು. ಹಾಗಾಗಿ ಇಬ್ಬರ ನಡುವೆ ಕನ್ನಡ. ಮೆಹಬೂಬಿ ಹಳಿಯಾಳ ಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕೌಂಟರಿನಲ್ಲಿ ನಿಂತು ಸೀರೆ ಬಿಚ್ಚಿ ತೋರಿಸುವ ಕೆಲಸ. ಅಂಗಡಿಗೆ ಹೊಸದಾಗಿ ಗಾಜು, ದೀಪ ಹಾಕಿಸಿದ ಮೇಲೆ ಮಾಲೀಕ ರುದ್ರೇಶ ಅವಳನ್ನು ಹಿಂದಿನ ಗೋಡೌನಿಗೆ ಕಳಿಸಿದ. ಅಲ್ಲಿ ಗಿರಾಕಿಗಳು ಬೇಡವೆಂದ ಸೀರೆಗಳನ್ನು ಮಡಚಿಡಬೇಕು. ಕೆಲವು ದಿನ ಮಡಚಿದಳು. ಆಮೇಲೆ ಅಂಗಡಿಗೆ ಹೋಗುವುದನ್ನು ಬಿಟ್ಟಳು, ಸಂತೆಗೆ ಹೋಗುವುದನ್ನು ಬಿಟ್ಟಳು, ಸ್ವಂತ ಅಣ್ಣನ ನಿಕಾಹ್‌ನಲ್ಲೂ ಒಳಕೋಣೆಯಿಂದ ಹೊರಗೆ ಬರಲಿಲ್ಲ.

"ನನ್ನ ಮಾರಿ ನೋಡಿದ್ರ ಗಿರಾಕಿ ಬರಂಗಿಲ್ರಿ ಅಕ್ಕಾರ. ಅದಕ್ಕ ಸಾಹುಕಾರ್ರು ಒಳಗ ಹಾಕ್ಯಾರ."

"ಹಂಗಂತ ಅವರು ಬಾಯಿ ಬಿಟ್ಟು ಹೇಳಿದ್ರೇನು?" ಎಂದು ಡಯಾನಾ ಕೇಳಿದಳು.

"ಹೇಳಿಲ್ರಿ. ಗೊತ್ತಾಗ್ತೈತಲ್ರಿ."

ಅನ್ನಪೂರ್ಣಾ ಮೇಡಂ ಇದರ ರೆಕಾರ್ಡಿಂಗ್ ಕೇಳಿ ಡಯಾನಾಳ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ 'ಮೈಂಡ್ ರೀಡಿಂಗ್' ಎಂದು ಬರೆದರು. ಎದುರಿನವರ ಮನಸ್ಸಿನಲ್ಲಿ ಏನಿದೆ ಎಂದು ಕೇಳದೆಯೇ ತೀರ್ಮಾನಿಸಿಬಿಡುವ ತಪ್ಪಿಗೆ ಆ ಹೆಸರು.

"ಆ ಮನಷ್ಯಾನ ಮನಸಿನ್ಯಾಗ ಏನೈತಿ ಅಂತ ಆಕಿಗೆ ಹೆಂಗ ಗೊತ್ತು? ಕೇಳಿದ್ಲೇನು? ಕೇಳ್ಸು. ನೀನೂ ಜೋಡಿ ಹೋಗು, ಆದ್ರ ಮಾತು ಆಕೀನ ಆಡ್ಲಿ. ಹೆಚ್ಚಾಗಿ ಉತ್ತರ ಬ್ಯಾರೇನ ಇರ್ತೈತಿ, ನೋಡ್ತಿರು."

(ಇಲ್ಲಿ ನಾನು ಡಯಾನಾಳನ್ನು ತಡೆದು ಕೇಳಿದೆ. ದಾಂಡೇಲಿ ಬಸ್ಸಿನಲ್ಲಿ ನಿನ್ನ ಪಕ್ಕದ ಸೀಟು ಕೊನೆಗೇ ತುಂಬುವುದು ಎಂದು ನನಗೆ ಹೇಳಿದ್ದೀಯಲ್ಲ, ಅದನ್ನು ಮೇಡಂಗೆ ಯಾಕೆ ಹೇಳಲಿಲ್ಲ? ಅವಳು ಅಂದಳು: "ನಂದೂ ಮೈಂಡ್ ರೀಡಿಂಗ್ ಇದ್ದೀತು ಅನ್ನಿಸಿತ್ರಿ. ಅಂಥಾ ತಪ್ಪ ಹಿಡ್ಯೂದನ್ನ ಕಲ್ಯಾಕ ಬಂದಿದ್ನಲ್ಲ.")

೩

ರುದ್ರೇಶ ಮೆತ್ತನೆಯ ದನಿಯ ಮನುಷ್ಯ. ಆಳುಗಳನ್ನು ಬೈದದ್ದನ್ನು ಯಾರೂ ಕೇಳಿಲ್ಲ. ಅಂಗಡಿಗೆ ಬಂದ ಮೆಹಬೂಬಿಯನ್ನು ನೋಡಿದವನೇ, "ಏನವಾ, ಆರಾಮಾತೇನು?" ಎಂದು ವಿಚಾರಿಸಿದ. ಆಮೇಲೆ ಅವಳ ಪಕ್ಕದಲ್ಲಿದ್ದ ಡಯಾನಾಳನ್ನು ನೋಡಿದ.

"ಇಕಿ ನಿಮ್ಮ ಪೈಕೀನ ಏನು? ನಿನಗೂ ಕೆಲಸ ಬೇಕಾಗಿತ್ತೇನವಾ? ಗೋಡೌನಿಗೆ ಇನ್ನೊಬ್ಬಾಕಿ ಬೇಕಾಗ್ಯಾಳ ನೋಡು."

"ನಾ ಕೌನ್ಸೆಲಿಂಗ್ ಕೇಂದ್ರದಾಗ ಇರ್ತೀನ್ರಿ. ಸೈಕಾಲಜಿ ತರಬೇತಿ ನಡದೈತಿ."

"ಹೌದೇನ್ರಿ. ಬರ್ರಿ ಮೇಡಂ, ಕುಂಡ್ರಿ. ಚಾ ತರಸ್ತೀನಿ."

'ನಿನಗೂ' ಎಂಬುದರಿಂದ 'ಕುಂಡ್ರಿ' ತನಕ ಬರಲು ಅವನಿಗೆ ಒಂದು ಉಸಿರು ಸಾಕಾಯಿತು. ಡಯಾನಾ ಕುಳಿತಳು. ಕೇಂದ್ರದ ಕೋಣೆಯಲ್ಲಿ ಇಬ್ಬರೂ ಸೇರಿ ಪ್ರಶ್ನೆಯನ್ನು ಅಭ್ಯಾಸ ಮಾಡಿದ್ದರು. ಅಲ್ಲಿ ಡಯಾನಾಳೇ ಸಾಹುಕಾರ. ಈಗ ಮೆಹಬೂಬಿ ನಿಂತುಕೊಂಡೇ ಕೇಳಿದಳು.

"ಸಾಹುಕಾರ್ರ, ನನ್ನ ಯಾಕ ಒಳಗ ಹಾಕಿದ್ರಿ?"

"ನನ್ನ ಮನಸಿನ್ಯಾಗ ಏನೂ ಇಲ್ಲವಾ. ಅಂಗಡಿ ಹೊಸಾದಾಗೈತಿ. ಸೀರಿ ಹೆಗಲ ಮ್ಯಾಲ ಹಾಕ್ಕೊಂಡು ತೋರಿಸಬೇಕಾಗ್ತೈತಿ. ನಿನ್ನ ಮೈಮ್ಯಾಲ ಹಾಕಿದ್ರ ಬಣ್ಣ ಹೆಂಗ ಎದ್ದ ಕಾಣಬೇಕು? ಅದ್ರಾಗ ಮದಿವಿ ಸೀರಿ ಅಂದ್ರ, ಮೊದಲ ಯಾರ ಮಾರಿ ನೋಡಿದ್ವಿ ಅನ್ನೂ ಶಕುನಾನೂ ಹಿಡೀತಾರ ಮಂದಿ. ನಾ ಹಿಡ್ಯಾಂಗಿಲ್ಲ. ಮಂದಿ ಹಿಡೀತಾರ." ಡಯಾನಾಳ ಕಡೆ ತಿರುಗಿ, "ಹೌದಲ್ರಿ ಮೇಡಂ? ನೀವು ಓದಿದವರು, ನಿಮಗ ತಿಳೀತೈತಿ" ಎಂದ.

ಅಷ್ಟರಲ್ಲಿ ಚಹಾ ಬಂತು. ಡಯಾನಾ ಕಪ್ಪನ್ನು ಕೈಗೆ ತೆಗೆದುಕೊಂಡಳು. ಅದನ್ನು ನೆಲಕ್ಕೆ ಹೊಡೆದಳು ಎಂದು ಬರೆಯಲು ನನಗೆ ಬಹಳ ಆಸೆ. ಹೊಡೆಯಲಿಲ್ಲ. ಮಾತು ಮೆಹಬೂಬಿಯದು, ತಾನು ಸುಮ್ಮನಿರಬೇಕು ಎಂದು ಕಲಿತಿದ್ದಳು, ಸುಮ್ಮನಿದ್ದಳು.

ಹೊರಗೆ ಬಸ್ ನಿಲ್ದಾಣದ ತನಕ ಇಬ್ಬರೂ ನಡೆದರು. ಮೆಹಬೂಬಿ ಅಳುತ್ತಾಳೆ ಎಂದುಕೊಂಡಿದ್ದಳು ಡಯಾನಾ. ಅವಳು ತಿರುಗಿ ನಿಂತಳು.

"ಈಗ ಆತೇನ್ರಿ? ಪುರಾವೆ ಸಿಕ್ತೇನ್ರಿ?"

"ಮೆಹಬೂಬಿ..."

"ಮೊದಲ ಒಂದ ಸಂಶೆ ಇತ್ರಿ ನನಗ. ನನ್ನ ತಲೀನ ಕೆಟ್ಟಿದ್ದೀತು, ಅವರು ಹಂಗ ಅಂದ್ಕೊಂಡಿರಲಿಕ್ಕಿಲ್ಲ ಅಂತ. ಅದನ್ನ ಹಿಡ್ಕೊಂಡು ಹೆಂಗೋ ಇದ್ದೆ. ಅದನ್ನೂ ಕಸ್ಕೊಂಡ್ರಿ."

ಅವಳ ಊರಿನ ಟೆಂಪೊ ಬಂತು. ಹತ್ತಿ ಹೋದಳು.

ಮರುದಿನ ಮೇಡಂ ಎಲ್ಲವನ್ನೂ ಕೇಳಿದರು. ಅವರ ಮುಖ ಸಣ್ಣದಾಯಿತು. ಆದರೆ ಬಾಯಿಂದ ಬಂದದ್ದು ಪಾಠವೇ. "ಪರೀಕ್ಷಾ ಮಾಡಿದಿ, ಉತ್ತರ ಸಿಕ್ತು. ಈಗ ಅದನ್ನ ಒಪ್ಕೊಂಡು ಮುಂದ ಹೋಗೂದನ್ನ ಕಲಿಸಬೇಕು. ಸಿಟ್ಟ ಇಳಿಸು. ಪ್ಯಾಟ್ಯಾಗ ಬ್ಯಾರೆ ಅಂಗಡಿ ಅದಾವ."

"ಆಕಿ ವಿಚಾರ ತಪ್ಪಿರಲಿಲ್ಲ ಅಂತ ಹಾಳಿ ಮ್ಯಾಲ ಬರೀರಿ ಮೇಡಂ. ಕೆಂಪ ಪೆನ್ನಿಲೇನ ಬರೀರಿ."

"ಡಯಾನಾ, ನೀ ಭಾಳ ಒಳಗ ಹೊಂಟಿ. ಆಕಿ ಸಿಟ್ಟ ಯಾವುದು, ನಿಂದು ಯಾವುದು ನಿನಗ ತಿಳೀವಲ್ದು. ಈ ಕೇಸ್ ಲೋಕೇಶಗ ಕೊಡೂಣೇನು? ಅವನಿಗೆ ಸಮತೋಲ ಐತಿ."

ಲೋಕೇಶ ಅವಳ ಜೊತೆಯ ಇನ್ನೊಬ್ಬ ತರಬೇತಿಯವನು. ಪಾಪದ ಹುಡುಗ.

"ಬಸ್ಸಿನ್ಯಾಗ ಅವನ ಬಾಜೂ ಯಾರಾದ್ರೂ ಬಂದು ಕುಂಡ್ರತಾರ್ರಿ ಮೇಡಂ. ಅದಕ್ಕ ಅವನಿಗೆ ಸಿಟ್ಟ ಬರಂಗಿಲ್ಲ. ನೀವು ಅದಕ್ಕ ಸಮತೋಲ ಅಂತೀರಿ."

(ಎರಡನೆಯ ಕರಡಿನಲ್ಲಿ ಮೇಡಂ ಇಲ್ಲಿ ಕಿರುಚಿ ಡಯಾನಾಳನ್ನು ಹೊರಗೆ ಕಳಿಸುತ್ತಾರೆ. ಖಳನಾಯಕಿ ಸಿಕ್ಕಳು ಎಂದು ನಾನು ಖುಷಿಯಲ್ಲಿದ್ದೆ. ಡಯಾನಾ ಅದನ್ನು ಹೊಡೆದು ಹಾಕಿಸಿದಳು. "ಅವರು ಕೆಟ್ಟವರಲ್ರಿ. ಕೆಟ್ಟವರಿದ್ದಿದ್ರ ನನಗ ಎಷ್ಟ ಹಗುರ ಆಗ್ತಿತ್ತು.")

ಮೇಡಂ ಕೇಸನ್ನು ಲೋಕೇಶನಿಗೆ ಕೊಡಲಿಲ್ಲ. ಡಯಾನಾ ಬಾಗಿಲ ಬಳಿ ಹೋದಾಗ ಹಿಂದಿನಿಂದ ಅಂದರು: "ಅಂಗಡಿ ಬಗ್ಗೆ ಆಕಿ ಅಂದದ್ದು ಖರೆ. ಅದಕ್ಕ ಮುಂದ ಆಕಿ ಮತ್ತೇನ ಕೂಡ್ಸ್ಯಾಳ, ಅದನ್ನ ಕೇಳು."

೪

ಮೆಹಬೂಬಿ ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರ ಬಂದಳು, ತಾಯಿಯನ್ನು ಬಿಟ್ಟು ಒಬ್ಬಳೇ. ಕುರ್ಚಿಯ ತುದಿಯಲ್ಲಿ ಕುಳಿತಳು, ಎದ್ದು ಹೋಗುವವಳ ಹಾಗೆ.

"ಅವತ್ತು ನಾ ಚಾ ಕಪ್ ಹಿಡ್ಕೊಂಡು ಕುಂತೆ. ತಪ್ಪಾತು" ಎಂದಳು ಡಯಾನಾ. ಹಾಗೆ ಹೇಳುವುದು ಪಾಠದಲ್ಲಿರಲಿಲ್ಲ. ಆಮೇಲೆ ಪಾಠಕ್ಕೆ ಬಂದಳು. "ಸಾಹುಕಾರ ನಿನ್ನ ಮಾರಿ ನೋಡಿ ಒಳಗ ಹಾಕಿದ. ಇದು ಖರೆ. ಇದರ ಮುಂದ ನೀ ಏನಂದ್ಕೊಂಡಿ?"

ಮೆಹಬೂಬಿ ದುಪಟ್ಟಾದ ಅಂಚು ಎಳೆದುಕೊಂಡಳು. "ಅದಕ್ಕ ನಾ ಯಾರ ಕಣ್ಣಿಗೂ ಬೀಳಬಾರದು ಅಂತ."

"ಇದಕ್ಕ ಪುರಾವೆ ಏನೈತಿ?"

ಈ ಸಲ ಆ ಪ್ರಶ್ನೆ ಸರಿಯಾದ ಜಾಗಕ್ಕೆ ಬಿತ್ತು. ಮೆಹಬೂಬಿ ಒಂದೊಂದಾಗಿ ನೆನಪಿಸಿಕೊಂಡಳು. ಅವ್ವ ದಿನಾ ಊಟಕ್ಕೆ ಕರೆಯುತ್ತಿದ್ದಳು. ಅಣ್ಣನ ಹೆಂಡತಿ ಮೆಹಂದಿ ಹಚ್ಚಿಸಿಕೊಳ್ಳಲು ಇವಳ ಕೈಯೇ ಬೇಕೆಂದು ಹಟ ಹಿಡಿದಿದ್ದಳು. ತಪ್ಪು ಮಾಡಿದವನು ದೀಪ ಹಾಕಿಸಿಕೊಂಡು ಅಂಗಡಿಯಲ್ಲಿ ಕುಳಿತಿದ್ದಾನೆ, ಮನೆಯಲ್ಲಿ ಅಡಗಿದ್ದು ತಾನು.

"ಇದಕ್ಕ ಪುರಾವೆ ಇಲ್ರಿ" ಎಂದಳು.

ಕೊನೆಗೆ ಮನಸ್ಸಿನ ಸ್ಥಿತಿಯನ್ನು ಅಂಕಿಯಲ್ಲಿ ಹೇಳಿಸಬೇಕು, ಅದು ಕ್ರಮ. ದುಃಖ, ನೂರಕ್ಕೆ ಎಷ್ಟು? ಮೂವತ್ತು ಇದ್ದೀತು. ಸಿಟ್ಟು? ತೊಂಬತ್ತು. ತೊಂಬತ್ತಾದರೆ ಇಳಿಸಬೇಕು, ಅದೂ ಕ್ರಮವೇ.

"ಇಳಿಸೂಣೇನು?"

"ಯಾಕ್ರಿ? ಈಗರ ಬಂದೈತಿ. ಇರ್ಲಿ ಬಿಡ್ರಿ."

ಡಯಾನಾ ಪೆನ್ನು ಕೆಳಗಿಟ್ಟಳು.

೫

ಮೆಹಬೂಬಿ ಸೋಮವಾರ ಅಂಗಡಿಗೆ ಹೋಗಿ ನೇರ ಕೌಂಟರಿನ ಹಿಂದೆ ನಿಂತಳು. ರುದ್ರೇಶ ಹತ್ತಿರ ಬಂದು ಮೆತ್ತಗೆ ಒಳಗೆ ಹೋಗು ಎಂದ. ಎದುರಿಗೆ ಮುಂಡಗೋಡ ಕಡೆಯ ಇಬ್ಬರು ಹೆಂಗಸರು ಮದುವೆ ಸೀರೆ ನೋಡುತ್ತಿದ್ದರು. "ಯಾಕ ಒಳಗ ಹೋಗಬೇಕು ಅನ್ನೂದನ್ನ ಈ ಅಕ್ಕಾರ ಮುಂದ ಹೇಳ್ರಿ ಸಾಹುಕಾರ್ರ. ಅವತ್ತ ಹೇಳಿದಂಗ ಹೇಳ್ರಿ" ಎಂದಳು. ಅವನು ಹೇಳಲಿಲ್ಲ. ಅವಳು ಗಿಳಿಹಸಿರು ಸೀರೆಯೊಂದನ್ನು ಹೆಗಲ ಮೇಲೆ ಹರಡಿಕೊಂಡು ತೋರಿಸಿದಳು.

ಆ ಹೆಂಗಸರು ಸೀರೆ ಕೊಂಡರು ಎಂದು ಬರೆದಿದ್ದೆ. ಮೆಹಬೂಬಿ ತಿದ್ದಿದಳು. "ತಗೊಳ್ಳಿಲ್ರಿ. ನೋಡಿ ಎದ್ದ ಹೋದ್ರು. ಸೀರಿ ಸೇರಲಿಲ್ಲೋ, ನಾ ಸೇರಲಿಲ್ಲೋ. ನಾ ಈಗ ಮೈಂಡ್ ರೀಡಿಂಗ್ ಬಿಟ್ಟೀನಿ."

ಸಂಜೆ ರುದ್ರೇಶ ನಾಳೆಯಿಂದ ಬರುವುದು ಬೇಡ ಎಂದ. ಮೆಹಬೂಬಿ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ದೂರು ಕೊಟ್ಟಳು. ತಾನು ಯಾರ ಬಣ್ಣದ ಬಗ್ಗೆಯೂ ಮಾತಾಡಿಲ್ಲ, ಹುಡುಗಿ ಕೆಲಸಕ್ಕೆ ಸರಿಯಾಗಿ ಬರುತ್ತಿರಲಿಲ್ಲ ಎಂದು ಅವನು ಹೇಳಿಕೆ ಕೊಟ್ಟ. ಅವತ್ತು ಅವನು ಆಡಿದ ಮಾತು ಕೇಳಿದವರು ಇಬ್ಬರೇ: ಮೆಹಬೂಬಿ, ಡಯಾನಾ. "ನೀವು ಬಂದು ಹೇಳ್ತೀರೇನ್ರಿ?" ಎಂದು ಮೆಹಬೂಬಿ ಫೋನಿನಲ್ಲಿ ಕೇಳಿದಳು.

ಅನ್ನಪೂರ್ಣಾ ಮೇಡಂ ಬೇಡ ಎಂದರು. "ಚಿಕಿತ್ಸಾ ಕೊಡಾಕಿ ಸಾಕ್ಷಿ ಹೇಳಾಕ ಹೋದ್ರ, ನಾಳೆ ಇನ್ನೊಬ್ಬರು ನಿನ್ನ ಮುಂದ ಬಾಯಿ ಬಿಡಾಕ ಹೆದರ್ತಾರ. ನಿನ್ನ ತರಬೇತಿ ನಿಂತರೂ ನಿಲ್ಲಬಹುದು. ಮ್ಯಾಲಿನವರು ಕೇಳಿದ್ರ ನಾ ಅಡ್ಡ ನಿಲ್ಲಾಕ ಆಗಂಗಿಲ್ಲ."

"ಆಕೀನ ಬಾ ಅಂತ ಕರದಾಳ್ರಿ. ಕೇಳ್ಸು ಅಂತ ಕಳಿಸಿದವರು ನೀವು. ಕೇಳಿಸ್ಕೊಂಡಾಕಿ ನಾನು. ಈಗ ಕೇಳಿಲ್ಲ ಅನ್ಲೇನ್ರಿ?"



ಮುಕ್ತಾಯಗಳು

ಒಂದು. ರುದ್ರೇಶನಿಗೆ ಪಶ್ಚಾತ್ತಾಪವಾಗುತ್ತದೆ. ಇದನ್ನು ಓದಿ ಹೇಳಿದಾಗ ಇಬ್ಬರೂ ನಕ್ಕರು, ಆದ್ದರಿಂದ ಮುಂದುವರಿಸಲಿಲ್ಲ.

ಎರಡು. ಮೆಹಬೂಬಿ ಸ್ವಂತ ಸೀರೆ ಅಂಗಡಿ ಇಡುತ್ತಾಳೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. "ನನಗ ಅಂಗಡಿ ಬ್ಯಾಡ್ರಿ" ಎಂದಳು ಮೆಹಬೂಬಿ. "ನನಗ ನನ್ನ ಕೆಲಸ ಬೇಕು. ಅವರು ತಪ್ಪ ಮಾಡಿದ್ರ ನಾ ಯಾಕ ಹೊಸಾದ ಕಟ್ಕೋತ ಕುಂಡ್ರಬೇಕು?"

ಮೂರು. ನನಗೆ ಅಚ್ಚುಮೆಚ್ಚಿನದು. ದೂರು ಕೊಟ್ಟ ಕಚೇರಿಯ ಮೆಟ್ಟಿಲ ಮೇಲೆ ಡಯಾನಾ ನಿಂತಿದ್ದಾಳೆ. ಬಾಗಿಲು ಅರ್ಧ ತೆರೆದಿದೆ. ಅಲ್ಲಿಗೆ ಬಿಡುವುದು.

ಡಯಾನಾಳಿಗೆ ನಿಜವಾದ ಸಿಟ್ಟು ಬಂದದ್ದು ಆಗ. "ಬಾಗಲದಾಗ ನಿಲ್ಸಿ ಬಿಡ್ತೀರೇನ್ರಿ? ನಿಮಗದು ಚಂದ ಕಾಣ್ತೈತಿ. ಓದೂವರು ಹೋದ್ಲೋ ಇಲ್ಲೋ ಅಂತ ಆರಾಮ ಕುರ್ಚ್ಯಾಗ ಕುಂತು ವಿಚಾರ ಮಾಡ್ತಾರ. ನಾ ಒಳಗ ಹೋಗೀನಿ. ಹೋದ್ಲು ಅಂತ ಬರೀರಿ."

ಡಯಾನಾ ಒಳಗೆ ಹೋದಳು. ಮೆಹಬೂಬಿ ಜೊತೆಗಿದ್ದಳು. ಹೇಳಿಕೆ ಬರೆದುಕೊಳ್ಳುವ ಗುಮಾಸ್ತ ಹೆಸರು ಕೇಳಿದ, ಊರು ಕೇಳಿದ. ಹಳಿಯಾಳ ತಾಲೂಕು ಎಂದಳು.

"ಅದಲ್ರಿ. ಮೂಲ ಎಲ್ಲಿಯವರು?"

"ಮೂಲಾನೂ ಅದ ರೀ. ನೀವು?"

"ನಾವು ಇಂಡಿ ತಾಲೂಕಿನ ಕಡೆಯವರು. ಇಲ್ಲಿಗೆ ವರ್ಗ ಆಗಿ ಬಂದೀನಿ."

"ಹಂಗಾದ್ರ ಹೊರಗಿನವರು ನೀವು. ಬರ್ಕೋರಿ, ಹೇಳ್ತೀನಿ."

ಮೆಹಬೂಬಿ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಗುಮಾಸ್ತ ಬರೆದುಕೊಂಡ. ರುದ್ರೇಶ ಅಂದದ್ದನ್ನೆಲ್ಲ, ಮಂದಿ ಹಿಡೀತಾರ ಎಂಬುದನ್ನೂ ಬಿಡದೆ, ಡಯಾನಾ ಹೇಳಿ ಸಹಿ ಹಾಕಿದಳು.

ಮುಂದೇನಾಯಿತು? ದೂರಿನ ವಿಚಾರಣೆ ನಡೆಯುತ್ತಿದೆ. ಡಯಾನಾಳ ತರಬೇತಿಯ ಬಗ್ಗೆ ಮೇಲಿನವರು ಸಭೆ ಕರೆದಿದ್ದಾರೆ. ಆ ಸಭೆಗೆ ತಾವೂ ಬರುವುದಾಗಿ ಅನ್ನಪೂರ್ಣಾ ಮೇಡಂ ತಿಳಿಸಿದ್ದಾರೆ, ಯಾರ ಪರ ಮಾತಾಡುತ್ತಾರೆ ಎಂದು ತಿಳಿಸಿಲ್ಲ. ಮೆಹಬೂಬಿಗೆ ಕೆಲಸ ಸಿಕ್ಕಿಲ್ಲ. ಸಂತೆಗೆ ಹೋಗುತ್ತಿದ್ದಾಳೆ.

ಹೀಗೆ ಅರ್ಧಕ್ಕೆ ನಿಲ್ಲಿಸಿದರೆ ಹೇಗೆ, ಒಂದು ಒಳ್ಳೆಯ ಕೊನೆಯ ಸಾಲಾದರೂ ಬೇಡವೇ ಎಂದು ಡಯಾನಾಳನ್ನು ಕೇಳಿದೆ. ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಳು.

"ಕಥಿ ಮುಗೀತು ಅಂದ್ರ ಓದೂವರಿಗೆ ಸಮಾಧಾನ ಆಗ್ತೈತ್ರಿ" ಎಂದಳು. "ಯಾಕ ಆಗಬೇಕು?"