ಪಲ್ಟಿಯಾದ ಗಾಡಿಯನ್ನು ಒಪ್ಪಿದವರು

ನಾನೊಂದು ಕೆಂಪು ಕಾರು. ಕಾರ್ಖಾನೆಯಲ್ಲಿ ಮೊದಲ ಸಲ ಎಂಜಿನ್ ಮಿಡಿದ ಗಳಿಗೆಯಿಂದಲೂ ನನಗೆ ನಿಲ್ಲುವುದೆಂದರೆ ಆಗದು. ಅಂಗಳದಲ್ಲಿ ಎರಡು ಸುತ್ತು ಓಡಿಸಿ ನೋಡಿ, ಕೀಲಿ ತೆಗೆದು, ಲಾರಿಯೊಂದರ ಮೇಲೆ ಕಟ್ಟಿ ಹುಬ್ಬಳ್ಳಿಗೆ ಕಳಿಸಿದರು. ಓಡಲು ಹುಟ್ಟಿದವನು ಇನ್ನೊಬ್ಬರ ಬೆನ್ನೇರಿ ಊರು ಸೇರಿದೆ.

ಶೋರೂಮಿನಲ್ಲಿ ಜನ ನನ್ನನ್ನು ಪರೀಕ್ಷಿಸುವ ಪರಿ ನೋಡಬೇಕಿತ್ತು. ಒಬ್ಬ ಟಯರಿಗೆ ಒದೆಯುತ್ತಿದ್ದ. ಇನ್ನೊಬ್ಬ ಬಾಗಿಲನ್ನು ನಾಲ್ಕು ಸಲ ಹಾಕಿ ತೆಗೆದು ಸದ್ದು ಕೇಳುತ್ತಿದ್ದ. ಬಟ್ಟೆ ವ್ಯಾಪಾರಿ ಸಿದ್ಧಲಿಂಗಪ್ಪ ಬೆಣಗಿಯವರು ಇಡೀ ಮನೆಮಂದಿಯನ್ನು ಕರೆದುಕೊಂಡು ಬಂದರು. ಹೆಂಡತಿ ಡಿಕ್ಕಿ ತೆಗೆದು ನೋಡಿದರು, ಮಗಳು ಹಾಡು ಹಾಕಿಸಿ ಕೇಳಿದಳು. ಸಿದ್ಧಲಿಂಗಪ್ಪನವರು ಕೇಳಿದ್ದು ಒಂದೇ ಮಾತು.

“ನಮ್ಮ ಬಾಜೂಮನಿ ಪಾಟೀಲ್ರು ಒಯ್ದಾರಲ್ಲ, ಅದು ಇದಕ್ಕಿಂತ ದೊಡ್ಡದೋ ಸಣ್ಣದೋ?”

“ಸಣ್ಣದ್ರೀ ಸರ್.”

“ಹಂಗಾರ ಇದ ಇರಲಿ.”

ಹೀಗೆ ಪಾಟೀಲರಿಗೆ ಕಾಣುವಂತೆ ಗೇಟಿನ ಎದುರು ನಿಂತೆ. ಮದುವೆ, ಸೀಮಂತಗಳಿಗಷ್ಟೇ ನನ್ನ ಹೊದಿಕೆ ತೆಗೆಯುತ್ತಿದ್ದರು. ರಸ್ತೆಯಲ್ಲಿ ಹೋಗುವ ಲಾರಿಗಳ ಸದ್ದು ಕೇಳಿದಾಗಲೆಲ್ಲ ಒಳಗೊಳಗೇ ಚಡಪಡಿಸುತ್ತಿದ್ದೆ. ಎರಡು ವರ್ಷಕ್ಕೆ ಪಾಟೀಲರು ಆಳೆತ್ತರದ ಹೊಸ ಗಾಡಿ ತಂದರು. ಮರುವಾರವೇ ನಾನು ಮಾರಾಟಕ್ಕೆ ಬಂದೆ.

ಟ್ಯಾಕ್ಸಿ ಓಡಿಸುವ ಅಶ್ಪಾಕ್ ನದಾಫ ಒಬ್ಬನೇ ಬಂದ. ನನ್ನ ಬಣ್ಣದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ಕಿವಿಗೊಟ್ಟ.

“ಉಸಿರು ಚಲೋ ಐತಿ. ಇದರ ಸಾಮಾನು ಅಂಕೋಲಾದಾಗೂ ಸಿಗ್ತಾವಲ್ರೀ?” ಎಂದಷ್ಟೇ ಕೇಳಿದ.

ಅವನ ಕೈಯಲ್ಲಿ ನನಗೆ ರಸ್ತೆ ಸಿಕ್ಕಿತು. ಬೆಳಗಾವಿ, ಕಾರವಾರ, ಗೋವಾ. ಒಂದು ಬಾಡಿಗೆ ಮುಗಿಯುವ ಮೊದಲೇ ಇನ್ನೊಂದಕ್ಕೆ ಫೋನು ಬರುತ್ತಿತ್ತು, ಅವನು ಇಲ್ಲ ಎನ್ನುತ್ತಿರಲಿಲ್ಲ. ಅವನ ಕಣ್ಣು ನಿದ್ದೆಗೆಟ್ಟು ಕೆಂಪಾಗುವುದು ಕನ್ನಡಿಯಲ್ಲಿ ನನಗೆ ಕಾಣುತ್ತಿತ್ತು. ಆದರೆ ನನಗೆ ಬೇಕಾಗಿದ್ದದ್ದು ಮುಂದಿನ ತಿರುವು.

ಮೂರನೆಯ ವರ್ಷ, ಒಂದು ಮಧ್ಯಾಹ್ನ ಅಂಕೋಲೆಯಲ್ಲಿ ಜನರನ್ನು ಇಳಿಸಿ ಖಾಲಿ ಮರಳುತ್ತಿದ್ದೆವು. ಅರಬೈಲ್ ಘಟ್ಟದಲ್ಲಿ ಸ್ಟಿಯರಿಂಗ್ ಮೇಲಿನ ಅವನ ಹಿಡಿತ ಸಡಿಲವಾಯಿತು. ನಿದ್ದೆ ಬಂದಿತ್ತು. ರಸ್ತೆ ಬಿಟ್ಟು ಉರುಳಿದೆ. ಬೆಲ್ಟು ಅಶ್ಪಾಕನ ಜೀವ ಉಳಿಸಿತು. ಬಲಗಾಲಿನ ಮೊಣಕಾಲು ಮಾತ್ರ ಮತ್ತೆ ಮಡಚಲಿಲ್ಲ.

ಹಳೆಯ ಗಾಡಿ ಮಾರುವ ಗಂಗಾಧರ ನನ್ನ ತಗ್ಗು ತಟ್ಟಿಸಿ, ಬಣ್ಣ ಬಳಿಸಿ, ತನ್ನ ಯಾರ್ಡಿನಲ್ಲಿ ಮುಂದಿನ ಸಾಲಿಗೇ ನಿಲ್ಲಿಸಿದ. ನಾನು ಮಾರಾಟವಾದರೆ ಆ ಹಣದಲ್ಲಿ ಅಶ್ಪಾಕ್ ಕೈಯಿಂದಲೇ ಬ್ರೇಕ್ ಹಾಕುವಂಥ ಗಾಡಿ ಮಾಡಿಸಿಕೊಂಡು ಮತ್ತೆ ದುಡಿಯಬಹುದಿತ್ತು. ದಿನವೂ ಊರುಗೋಲು ಹಿಡಿದು ಬಂದು, ಗಿರಾಕಿ ಬಂದರೇ ಎಂದು ಕೇಳಿ ಹೋಗುತ್ತಿದ್ದ.

ಕಡೆಗೆ ಬಂದವರು ಕಸ್ತೂರಿ ಅಣ್ಣಿಗೇರಿ, ಸರ್ಕಾರಿ ಆಸ್ಪತ್ರೆಯ ನರ್ಸ್. ಕಲಘಟಗಿ ಕಡೆಯ ಹಳ್ಳಿಗೆ ವರ್ಗವಾಗಿತ್ತು, ಡ್ಯೂಟಿಯ ಹೊತ್ತಿಗೆ ಬಸ್ಸು ಹೊಂದುತ್ತಿರಲಿಲ್ಲ. ನಲವತ್ತಾರನೆಯ ವಯಸ್ಸಿನಲ್ಲಿ ಮೊದಲ ಕಾರು.

“ನಮ್ಮ ಭಾವ ಮೈಲೇಜ್ ಕೇಳು ಅಂದಾರ, ಅಕ್ಕ ಕೆಂಪು ಬ್ಯಾಡ ಅಂದಾಳ. ನನಗ ಏನ್ ಕೇಳಬೇಕು ಅನ್ನೂದ ತಿಳೀವಲ್ದು” ಎಂದು ನಕ್ಕರು. ಒಳಗೆ ಕುಳಿತರು. ಸೀಟು ಮುಂದೆ ಸರಿಸಿದರು, ಕಾಲು ಎಟುಕಿತು. ಮುಖ ಅರಳಿತು.

“ಆ್ಯಕ್ಸಿಡೆಂಟ್ ಏನಾರ ಆಗೇತೇನ್ರೀ?”

“ಒಂದು ಗೀರೂ ಬಿದ್ದಿಲ್ಲ ಸಿಸ್ಟರ್” ಎಂದ ಗಂಗಾಧರ.

ಅಶ್ಪಾಕ್ ಅಲ್ಲೇ ನಿಂತಿದ್ದ. ಊರುಗೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

“ಪಲ್ಟಿ ಆಗೇತ್ರಿ” ಎಂದ. “ಅರಬೈಲ್ ಘಟ್ಟದಾಗ. ನಾನ ಓಡಸ್ತಿದ್ದೆ. ಗಾಡೀದು ತಪ್ಪಿಲ್ಲ, ನನಗ ನಿದ್ದಿ ಹತ್ತಿತ್ತು.”

ಕಸ್ತೂರಿ ಸಿಸ್ಟರ್ ನಿಧಾನವಾಗಿ ಕೆಳಗಿಳಿದು, ನೋಡಿ ಹೇಳುತ್ತೇನೆಂದು ಹೊರಟುಹೋದರು.

“ತಲಿ ಕೆಟ್ಟೈತೇನೋ ನಿನಗ? ಬಂದ ಗಿರಾಕೀನ ಓಡಿಸಿದೆಲ್ಲೋ!” ಗಂಗಾಧರ ಸಿಡಿದ.

“ಆಕಿ ದಿನಾ ಒಬ್ಬಾಕಿನ ಹೋಗಾಕಿ, ಗಂಗಣ್ಣ. ತಿಳಿದಿರಬೇಕಲ್ಲ.”

ಗಂಗಾಧರ ನನ್ನನ್ನು ಹಿಂದಿನ ಸಾಲಿಗೆ ತಳ್ಳಿಸಿದ. ಬ್ಯಾಟರಿ ಇಳಿಯುತ್ತಾ ಬಂತು. ಗೇಟು ಸದ್ದಾದಾಗಲೆಲ್ಲ ಯಾರು ಬಂದರೋ ಎಂದು ಕಾಯುತ್ತಿದ್ದೆ. ಹದಿನೈದು ದಿನವಾದ ಮೇಲೆ ಸಿಸ್ಟರ್ ಒಬ್ಬ ಮೆಕ್ಯಾನಿಕ್‌ನನ್ನು ಕರೆದುಕೊಂಡು ಬಂದರು. ಆತ ನನ್ನ ಕೆಳಗೆ ಮಲಗಿ ಅರ್ಧ ತಾಸು ತಪಾಸಣೆ ಮಾಡಿ, ಎದ್ದು, ತೊಂದರೆಯಿಲ್ಲ ಎಂದು ಗೋಣು ಹಾಕಿದ. ಸಿಸ್ಟರ್ ಅಶ್ಪಾಕನ ಕಡೆ ತಿರುಗಿದರು.

“ಒಂಬತ್ತು ಗಾಡಿ ನೋಡಿದೆ. ಯಾವುದಕ್ಕೂ ಏನೂ ಆಗಿಲ್ಲಂತ. ನಿಮ್ಮದಕ್ಕ ಏನಾಗೇತಿ ಅನ್ನೂದರ ನನಗ ಗೊತ್ತೈತಿ. ಇದನ್ನ ಕೊಡ್ರಿ. ಮತ್ತ ಓಡಸೂದು ನೀವ ಕಲಸಬೇಕು.”

ಅಶ್ಪಾಕ್ ತಲೆ ತಗ್ಗಿಸಿದ.

ತಿಂಗಳುಗಟ್ಟಲೆ ಎಡಗಡೆ ಸೀಟಿನಲ್ಲಿ ಕುಳಿತು ಕಲಿಸಿದ. ಸಿಸ್ಟರ್ ಬ್ರೇಕ್ ಮರೆತಾಗಲೆಲ್ಲ ತನ್ನ ಎಡಗಾಲಿನಿಂದ ಬರಿಯ ನೆಲವನ್ನೇ ಒತ್ತುತ್ತಿದ್ದ. ಆಮೇಲೆ ತನ್ನ ಹೊಸ ಗಾಡಿಯಲ್ಲಿ ದುಡಿಯಲು ಹೋದ, ಆದರೆ ದಿನಕ್ಕೆ ಒಂದೇ ಬಾಡಿಗೆ ಎಂದು ಕಟ್ಟುನಿಟ್ಟು ಮಾಡಿಕೊಂಡನಂತೆ.

ಸಿಸ್ಟರ್ ನನ್ನನ್ನು ಹತ್ತು ವರ್ಷ ಓಡಿಸಿದರು. ಓಡಿಸಿದರು ಎನ್ನುವುದೇ ಹೆಚ್ಚು. ಮುಳ್ಳು ನಲವತ್ತು ದಾಟುತ್ತಿರಲಿಲ್ಲ. ಸೈಕಲ್ಲುಗಳೂ ನಮ್ಮನ್ನು ಹಿಂದೆ ಹಾಕುತ್ತಿದ್ದವು, ನಾನು ಒಳಗೇ ಕುದಿಯುತ್ತಿದ್ದೆ. ಕಣ್ಣು ಎಳೆದರೆ ಸಾಕು, ರಸ್ತೆ ಬದಿಯ ಮರದ ನೆರಳಿಗೆ ನನ್ನನ್ನು ತಿರುಗಿಸಿ, ಸೀಟು ಹಿಂದೆ ಒರಗಿಸಿ ಮಲಗಿಬಿಡುತ್ತಿದ್ದರು. ಮೊದಮೊದಲು ಅದು ನನಗೆ ಶಿಕ್ಷೆಯಾಗಿತ್ತು. ಬರಬರುತ್ತಾ ಅವರ ಉಸಿರಾಟ ಕೇಳುತ್ತಾ ನಿಲ್ಲುವುದನ್ನು ಕಲಿತೆ. ಪೂರ್ತಿ ಕಲಿತೆ ಎನ್ನಲಾರೆ. ಎದ್ದು ಕೀಲಿ ತಿರುಗಿಸಿದ ತಕ್ಷಣ ಜಿಗಿಯುತ್ತಿದ್ದೆ. “ತಡಿ, ತಡಿ, ಏನ್ ಅವಸರ?” ಎಂದು ನನ್ನನ್ನೇ ಗದರುತ್ತಿದ್ದರು.

ನನ್ನ ವಯಸ್ಸು ಹದಿನೈದಾಯಿತು. ತುಕ್ಕು ನನ್ನ ತಳದವರೆಗೂ ಇಳಿಯಿತು, ಹೊಗೆ ಕಪ್ಪಾಯಿತು. ಹೋದ ವಾರ ಸಿಸ್ಟರ್ ತಾವೇ ನನ್ನನ್ನು ಗುಜರಿ ಯಾರ್ಡಿಗೆ ತಂದರು. ಗೇಟು ಕಂಡಾಗ ಗೇರ್ ಇಳಿಸಲಿಲ್ಲ. ಮುಂದೆ ಹೋದರು. ಧಾರವಾಡದ ಬೈಪಾಸಿನಲ್ಲಿ, ಆ ಹತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಮುಳ್ಳು ಎಂಬತ್ತಕ್ಕೆ ಏರಿತು. ಕಿಟಕಿಗಳೆಲ್ಲ ತೆರೆದಿದ್ದವು. ಆಮೇಲೆ ತಿರುಗಿಸಿಕೊಂಡು ಬಂದರು.

ಕೀಲಿ ಕೊಟ್ಟು, ಸಹಿ ಹಾಕಿ, ನನ್ನ ಬಾನೆಟ್ ಮೇಲೆ ಒಮ್ಮೆ ಕೈಯಿಟ್ಟು, ಬಸ್ ನಿಲ್ದಾಣದ ಕಡೆ ನಡೆದರು. ಬಿಸಿಲು ಜೋರಾಗಿತ್ತು, ಬಸ್ಸು ಬೇಗ ಬರಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಿಂತಿದ್ದರು. ಕೀಲಿ ಯಾರ್ಡಿನವನ ಜೇಬಿನಲ್ಲಿತ್ತು. ಅವನು ಒಮ್ಮೆ ತಿರುಗಿಸಿದ್ದರೆ ಸಾಕಿತ್ತು, ಅವರನ್ನು ಮನೆಗೆ ಬಿಟ್ಟು ಬರುತ್ತಿದ್ದೆ.